ದುಡಿಯುವ ಮೈಗೆ ವ್ಯಾಯಾಮದ ಲೆಕ್ಕ

(ಸಂಘದ ಮಾಸಿಕ ಸಭೆಯಲ್ಲಿ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ಮೊಬೈಲಿನಲ್ಲಿ ವ್ಯಾಯಾಮದ ಲೆಕ್ಕ ಇಡುವುದು ಹೇಗೆ ಎಂಬುದು ಇಂದಿನ ಸಭೆಗೆ ಗೊತ್ತುಮಾಡಿದ ವಿಷಯ. ವಿಷಯವನ್ನು ಫಲಕದ ಮೇಲೆ ಬರೆದ ದಿನವೇ ನಮ್ಮಲ್ಲಿ ಕೆಲವರು ನಕ್ಕದ್ದುಂಟು. “ಬೆಳಗಿನ ಐದಕ್ಕೆ ಎದ್ದು ಭಟ್ಟಿ ಹೊತ್ತಿಸಿ, ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು ಮಲಗುವವನಿಗೆ ವ್ಯಾಯಾಮವೆ? ಅದು ಕುಳಿತು ಉಣ್ಣುವವರ ಚಿಂತೆ, ಮಾರಾಯರೆ” ಎಂದರು. ಆ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಇಡೀ ದಿನ ಮೈ ಬಗ್ಗಿಸಿ ದುಡಿಯುವವನಿಗೆ ಮತ್ತೆ ವ್ಯಾಯಾಮ ಏಕೆ ಎಂಬುದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದರೆ ಮೊಬೈಲಿನ ಲೆಕ್ಕವನ್ನು ಏನು ಮಾಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಇಂದು ಸಪ್ಲಾಯರ್ ಹುಡುಗನಿಂದ ಗಲ್ಲಾದಲ್ಲಿ ಕುಳಿತವರ ತನಕ ಎಲ್ಲರ ಕಿಸೆಯಲ್ಲಿಯೂ ಮೊಬೈಲು ಇದೆ. ಅದರೊಳಗೆ ನಾವು ಕೇಳಲಿ ಬಿಡಲಿ, ಹೆಜ್ಜೆ ಎಣಿಸುವ ಏರ್ಪಾಡೂ ಇದೆ. ಕೆಲವು ಫೋನುಗಳಲ್ಲಿ ಕಂಪೆನಿಯವರೇ ಆ ಆ್ಯಪನ್ನು ಹಾಕಿಕೊಟ್ಟಿರುತ್ತಾರೆ. ಭಾರತ ಸರಕಾರದವರೂ 2021ರ ಆಗಸ್ಟ್ 29ರಂದು, ರಾಷ್ಟ್ರೀಯ ಕ್ರೀಡಾ ದಿನದಂದು, ಫಿಟ್ ಇಂಡಿಯಾ ಎಂಬ ಆ್ಯಪನ್ನು ಹೊರತಂದರು. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಕೈಯಲ್ಲಿರುವ ಸಾಧನವನ್ನು ತಿಳಿಯದೆ ದೂರ ಇಡುವುದೂ ಸರಿಯಲ್ಲ, ತಿಳಿಯದೆ ನಂಬುವುದೂ ಸರಿಯಲ್ಲ. ಆದ್ದರಿಂದ ಮೊದಲು ಅದು ಕೆಲಸ ಮಾಡುವ ಬಗೆಯನ್ನು ನೋಡೋಣ.

ಮೊಬೈಲಿನ ಒಳಗೆ ಅಕ್ಕಿಕಾಳಿನಷ್ಟೇ ಸಣ್ಣದಾದ ಒಂದು ಚಿಪ್ಪು ಇರುತ್ತದೆ. ಫೋನು ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ ಅಲುಗಿದ್ದನ್ನು ಅದು ಗುರುತಿಸುತ್ತದೆ. ಮನುಷ್ಯ ನಡೆಯುವಾಗ ಮೈ ಒಂದೇ ತಾಳದಲ್ಲಿ ಏರಿ ಇಳಿಯುತ್ತದೆ. ಆ ತಾಳ ಕಂಡಾಗ ಫೋನು ಒಂದೊಂದೇ ಹೆಜ್ಜೆ ಎಂದು ಬರೆದುಕೊಳ್ಳುತ್ತದೆ. ಅಷ್ಟೇ ಅದರ ವಿದ್ಯೆ. ಫೋನನ್ನು ಗಲ್ಲಾದ ಮೇಜಿನ ಮೇಲೆ ಇಟ್ಟು ನೀವು ನೂರು ಮೇಜಿಗೆ ತಿಂಡಿ ಕೊಟ್ಟರೂ ಲೆಕ್ಕ ಸೊನ್ನೆ. ಕುಲುಕುವ ಗಾಡಿಯ ಮೇಲೆ ಸುಮ್ಮನೆ ಕುಳಿತಿದ್ದರೆ ಕೆಲವೊಮ್ಮೆ ನಡೆಯದ ಹೆಜ್ಜೆಯನ್ನೂ ಬರೆದುಬಿಡುತ್ತದೆ. ಕೈಗಡಿಯಾರದಂಥದನ್ನು ಕಟ್ಟಿಕೊಂಡವರು ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಡೆದರೆ ಕೈ ಬೀಸದ ಕಾರಣ ಕೆಲವು ಹೆಜ್ಜೆ ತಪ್ಪಿಹೋಗುತ್ತವೆ. ಪ್ಯಾಂಟಿನ ಕಿಸೆಯಲ್ಲಿ ಇಟ್ಟರೆ ಲೆಕ್ಕ ಬಹುಮಟ್ಟಿಗೆ ಸರಿ ಬರುತ್ತದೆ.

ಈಗ ಒಂದೇ ಹೋಟೆಲಿನ ಇಬ್ಬರನ್ನು ನೋಡಿರಿ. ಒಬ್ಬ ಸಪ್ಲಾಯರ್. ಅಡುಗೆಮನೆಯಿಂದ ಮೇಜಿಗೆ ಹೋಗಿ ಬರಲು ನಲವತ್ತು ಹೆಜ್ಜೆ ಎಂದು ಇಟ್ಟುಕೊಂಡರೆ ಇನ್ನೂರೈವತ್ತು ಸಲ ಹೋಗಿ ಬಂದಾಗ ಹತ್ತು ಸಾವಿರ ಹೆಜ್ಜೆ ಆಯಿತು. ದೂರದ ಲೆಕ್ಕದಲ್ಲಿ ಸುಮಾರು ಏಳು ಕಿಲೋಮೀಟರು. ಇನ್ನೊಬ್ಬರು ದೋಸೆ ಕಾವಲಿಯ ಮುಂದೆ ನಿಂತ ಭಟ್ಟರು. ಅವರು ಎರಡು ಗಜದ ಜಾಗ ಬಿಟ್ಟು ಕದಲುವುದಿಲ್ಲ. ಅವರ ಫೋನು ಸಾವಿರ ಹೆಜ್ಜೆಯನ್ನೂ ತೋರಿಸದೆ ಇರಬಹುದು. ಭಟ್ಟರು ಸೋಮಾರಿ, ಸಪ್ಲಾಯರ್ ಶೂರ ಎಂದು ಫೋನು ಹೇಳುತ್ತದೆ. ಭಟ್ಟರ ಅಂಗಿಯಿಂದ ಹಿಂಡಿದ ಬೆವರು, ಉರಿಯ ಮುಂದೆ ನಿಂತ ಸೊಂಟ, ಉಬ್ಬಿದ ಕಾಲಿನ ರಕ್ತನಾಳ ಇವು ಯಾವುವೂ ಅದರ ಪುಸ್ತಕದಲ್ಲಿ ಇಲ್ಲ. ಹಿಟ್ಟಿನ ಪಾತ್ರೆ ಎತ್ತಿದ್ದೂ ಇಲ್ಲ, ಅಕ್ಕಿ ಮೂಟೆ ಹೊತ್ತದ್ದೂ ಇಲ್ಲ. ಆದುದರಿಂದ ಫೋನು ತೋರಿಸುವುದು ಅಲುಗಾಟದ ಲೆಕ್ಕ ಮಾತ್ರ. ಅದು ದುಡಿಮೆಯ ಲೆಕ್ಕವೂ ಅಲ್ಲ, ಆರೋಗ್ಯದ ಲೆಕ್ಕವೂ ಅಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಈ ಹತ್ತು ಸಾವಿರ ಎಂಬ ಸಂಖ್ಯೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕು ಎಂದು ಅನೇಕ ಆ್ಯಪುಗಳು ಗುರಿ ಹಾಕಿಕೊಡುತ್ತವೆ. ಇದು ಯಾವುದೋ ದೊಡ್ಡ ಡಾಕ್ಟರರ ಅಪ್ಪಣೆ ಎಂದು ಜನ ತಿಳಿದಿದ್ದಾರೆ. ಅದರ ಹುಟ್ಟು ಬೇರೆ. 1964ರಲ್ಲಿ ಟೋಕಿಯೋ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದವು. ಜಪಾನಿನ ಜನರಲ್ಲಿ ವ್ಯಾಯಾಮದ ಉತ್ಸಾಹ ಏರಿತ್ತು. ಮರುವರ್ಷ, 1965ರಲ್ಲಿ, ಅಲ್ಲಿಯ ಒಂದು ಕಂಪೆನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಇಟ್ಟ ಹೆಸರು ‘ಮಾನ್‌ಪೊ-ಕೇ’. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಅರ್ಥ. ನೆನಪಿನಲ್ಲಿ ಉಳಿಯುವ ತುಂಬು ಸಂಖ್ಯೆ, ಒಳ್ಳೆಯ ಹೆಸರು, ಒಳ್ಳೆಯ ವ್ಯಾಪಾರ. ಅಂಗಡಿಯ ಹಲಗೆಯ ಮೇಲಿನ ಹೆಸರು ಇಂದು ಲೋಕದ ಎಲ್ಲ ಮೊಬೈಲುಗಳಲ್ಲಿ ಗುರಿಯಾಗಿ ಕುಳಿತಿದೆ.

ಅನಂತರ ಪಂಡಿತರು ನಿಜವಾಗಿಯೂ ಎಣಿಸಿ ನೋಡಿದ್ದಾರೆ. 2019ರಲ್ಲಿ ಅಮೆರಿಕೆಯಲ್ಲಿ ಐ-ಮಿನ್ ಲೀ ಎಂಬ ವಿದುಷಿ ಮತ್ತು ಅವರ ಜೊತೆಗಾರರು 16,741 ಮಂದಿ ವೃದ್ಧ ಸ್ತ್ರೀಯರ ಹೆಜ್ಜೆಯ ಲೆಕ್ಕವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ ಸುಮಾರು 4,400 ನಡೆದವರಲ್ಲಿ ಸಾವು ಕಡಿಮೆ ಇತ್ತು. ಹೆಜ್ಜೆ ಹೆಚ್ಚಿದಂತೆ ಲಾಭವೂ ಹೆಚ್ಚಿತು. ಆದರೆ ಸುಮಾರು 7,500ಕ್ಕೆ ಬಂದಾಗ ಆ ಏರಿಕೆ ನಿಂತಿತು. ಗಿರಣಿಯಿಂದ ನಿವೃತ್ತರಾಗಿ ಮನೆಯಲ್ಲಿ ಕುಳಿತಿರುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು. ಹತ್ತು ಸಾವಿರ ಆಗಲಿಲ್ಲವೆಂದು ಕೊರಗಬೇಕಾಗಿಲ್ಲ. ಎರಡೂವರೆ ಸಾವಿರ ನಡೆಯುವವರು ನಾಲ್ಕು ಸಾವಿರಕ್ಕೆ ಬಂದರೂ ದೊಡ್ಡ ಮಾತು.

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ದುಡಿಮೆಯೇ ವ್ಯಾಯಾಮವಲ್ಲವೆ?

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೇಳಿದವರಲ್ಲಿ ಹೆಸರಾದವರು ಇಂಗ್ಲೆಂಡಿನ ಡಾಕ್ಟರ್ ಜೆರಿ ಮಾರಿಸ್. ಲಂಡನ್ನಿನ ಬಸ್ಸುಗಳಲ್ಲಿ ದುಡಿಯುವ ಸುಮಾರು 31 ಸಾವಿರ ಗಂಡಸರ ಹೃದಯರೋಗದ ಲೆಕ್ಕವನ್ನು ಅವರು ಮತ್ತು ಸಂಗಡಿಗರು 1953ರಲ್ಲಿ ಪ್ರಕಟಿಸಿದರು. ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರೂ ಒಂದೇ ವರ್ಗದ ಜನ, ಒಂದೇ ಬಸ್ಸು, ಒಂದೇ ದಾರಿ. ಆದರೆ ಡ್ರೈವರ್ ದಿನವೆಲ್ಲ ಕುಳಿತಿರುವವನು. ಕಂಡಕ್ಟರ್ ಎರಡು ಅಂತಸ್ತಿನ ಬಸ್ಸಿನ ಮೆಟ್ಟಿಲನ್ನು ಹತ್ತಿ ಇಳಿಯುತ್ತ ಟಿಕೆಟು ಕೊಡುವವನು. 2023ರ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಓಡುತ್ತಿದ್ದ ಹಳೆಯ ಕೆಂಪು ಡಬಲ್ ಡೆಕರ್ ಬಸ್ಸನ್ನು ನೆನೆದುಕೊಂಡರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕಂಡಕ್ಟರುಗಳಲ್ಲಿ ಹೃದಯರೋಗ ಕಡಿಮೆ ಎಂದು ಮಾರಿಸರು ಕಂಡರು. ಓಡಾಡಿ ಟಪ್ಪಾಲು ಹಂಚುವವರಿಗೂ ಕುಳಿತು ಬರೆಯುವ ಗುಮಾಸ್ತರಿಗೂ ಇದೇ ಅಂತರ ಕಂಡಿತು. ಮೈ ಅಲುಗಬೇಕು ಎಂಬ ಇಂದಿನ ಉಪದೇಶದ ಬೇರುಗಳಲ್ಲಿ ಈ ಬಸ್ ಕಾರ್ಮಿಕರ ಲೆಕ್ಕವೂ ಒಂದು ಎಂಬುದು ನಮಗೆ ಅಭಿಮಾನದ ವಿಷಯ.

ಮಾರಿಸರು ಪ್ರಾಮಾಣಿಕರು. ಅಷ್ಟಕ್ಕೇ ತೃಪ್ತರಾಗಲಿಲ್ಲ. ಡ್ರೈವರಿಗೂ ಕಂಡಕ್ಟರಿಗೂ ಕಂಪೆನಿ ಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಡ್ರೈವರುಗಳ ಸೊಂಟದ ಸುತ್ತಳತೆ ಮೊದಲಿನಿಂದಲೇ ಹೆಚ್ಚಾಗಿತ್ತು. ಇದನ್ನು 1956ರಲ್ಲಿ ಅವರೇ ಪ್ರಕಟಿಸಿದರು. ಎಂದರೆ ಸಂಖ್ಯೆಯ ಹಿಂದೆ ಇನ್ನೊಂದು ಕಾರಣ ಅಡಗಿರಬಹುದು, ಹುಡುಕಿ ನೋಡಬೇಕು ಎಂದಾಯಿತು. ದರ್ಜಿಯ ಪಟ್ಟಿಯಿಂದ ಬಂದ ಈ ಪಾಠ ಮೊಬೈಲಿನ ಲೆಕ್ಕ ನೋಡುವ ನಮಗೂ ಬೇಕು.

ಹಾಗಾದರೆ ಕಂಡಕ್ಟರಿನಂತೆ ಸಪ್ಲಾಯರ್ ಕೂಡ ಸುಖಿಯೆ? ಇಲ್ಲಿ ಡೆನ್ಮಾರ್ಕ್ ದೇಶದವರು ನಡುವೆ ಕೈ ಎತ್ತುತ್ತಾರೆ. ಕೋಪನ್‌ಹೇಗನ್ ನಗರದ 1,04,046 ಜನರನ್ನು ವರ್ಷಗಟ್ಟಲೆ ಗಮನಿಸಿ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು 2021ರಲ್ಲಿ ವರದಿ ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಮೈ ದಂಡಿಸಿದವರಲ್ಲಿ ಹೃದಯಾಘಾತ ಮತ್ತು ಸಾವು ಕಡಿಮೆ. ಕೆಲಸದ ವೇಳೆಯಲ್ಲಿ ಬಹಳ ಮೈ ದಂಡಿಸಿದವರಲ್ಲಿ ಅವು ಹೆಚ್ಚು! ವಿದ್ಯೆ, ವರಮಾನ, ಹೊಗೆಸೊಪ್ಪು ಇವುಗಳ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಹಾಗೆಯೇ ಉಳಿಯಿತು. ಒಂದೇ ಮೈ, ಒಂದೇ ಕಾಲು. ಫಲ ಮಾತ್ರ ಎರಡು ಬಗೆ.

ಇದಕ್ಕೆ ಅವರು ಹೇಳುವ ಕಾರಣ ನಮಗೆ ಅನುಭವದಿಂದಲೇ ಅರ್ಥವಾಗುವಂಥದು. ವ್ಯಾಯಾಮವೆಂದರೆ ಸ್ವಲ್ಪ ಹೊತ್ತು ಉಸಿರು ಏರುವಷ್ಟು ಜೋರಾಗಿ ಮಾಡಿ, ಬಳಿಕ ವಿಶ್ರಾಂತಿ ತೆಗೆದುಕೊಳ್ಳುವುದು. ಆ ವಿಶ್ರಾಂತಿಯಲ್ಲಿಯೇ ಮೈ ಬಲಿಯುತ್ತದೆ. ಹೋಟೆಲಿನ ದುಡಿಮೆಯಲ್ಲಿ ಉಸಿರು ಏರುವಷ್ಟು ಜೋರೂ ಇಲ್ಲ, ಮೈ ಬಲಿಯುವಷ್ಟು ವಿಶ್ರಾಂತಿಯೂ ಇಲ್ಲ. ಹತ್ತು ಗಂಟೆ ನಿಂತೇ ಇರುವುದು, ಭಾರ ಎತ್ತುವುದು, ಸೆಕೆಯಲ್ಲಿ ಬೇಯುವುದು. ನಾಡಿಯೂ ರಕ್ತದ ಒತ್ತಡವೂ ಇಡೀ ದಿನ ಏರಿಯೇ ಇರುತ್ತವೆ. ಮತ್ತೆ ಮರುದಿನ ಅದೇ. ಪಂಡಿತರಲ್ಲಿ ಈ ವಾದ ಇನ್ನೂ ಮುಗಿದಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯವರು 2020ರ ತಮ್ಮ ಸೂಚನೆಯಲ್ಲಿ ದುಡಿಮೆಯ ಓಡಾಟವೂ ಲೆಕ್ಕಕ್ಕೆ ಬರುತ್ತದೆ ಎಂದೇ ಹೇಳಿದ್ದಾರೆ. ಆದರೆ ‘ನಾನು ಓಡಾಡುತ್ತೇನೆ, ನನಗೇನೂ ಆಗದು’ ಎಂಬ ಧೈರ್ಯದ ಮೇಲೆ ಮಾತ್ರ ಕೂರಬಾರದು ಎನ್ನುವುದಕ್ಕೆ ಕೋಪನ್‌ಹೇಗನ್ನಿನ ಲೆಕ್ಕ ಸಾಕು. ನಮ್ಮ ದೇಶದಲ್ಲಿ ಸುಮಾರು ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜು ಮಾಡಿದೆ. ದುಡಿಯುವವನೆಂದು ಆ ಕಾಯಿಲೆ ಯಾರನ್ನೂ ಬಿಡುವುದಿಲ್ಲ.

ಆದುದರಿಂದ ನಮ್ಮ ಉತ್ತರ ಇದು: ದುಡಿಮೆಯ ಹೆಜ್ಜೆ ಬೇರೆ, ನಮಗಾಗಿ ಇಟ್ಟ ಹೆಜ್ಜೆ ಬೇರೆ. ಎರಡನ್ನೂ ಒಂದೇ ರಾಶಿಗೆ ಹಾಕಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮೊಬೈಲಿನ ಆ್ಯಪು ತಾನಾಗಿ ಈ ಎರಡನ್ನು ಬೇರೆ ಮಾಡುವುದಿಲ್ಲ. ಬೇರೆ ಮಾಡಬೇಕಾದವರು ನಾವು.

ಈ ಎಣಿಕೆಯ ಮಾತಿನಲ್ಲಿ ಇನ್ನೊಂದು ಸಂಗತಿಯಿದೆ. ಕಾರ್ಮಿಕನ ಚಲನವಲನವನ್ನು ಎಣಿಸುವುದು ಹೊಸದಲ್ಲ. ಅಮೆರಿಕೆಯ ಫ್ರೆಡ್ರಿಕ್ ಟೇಲರ್ ಎಂಬವರು ಕೈಯಲ್ಲಿ ಗಡಿಯಾರ ಹಿಡಿದು, ಕೆಲಸಗಾರ ಒಂದೊಂದು ಕೆಲಸಕ್ಕೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾನೆಂದು ಅಳೆಯುವ ಪದ್ಧತಿಯನ್ನು ಬೆಳೆಸಿದರು. 1911ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು. ಆ ಗಾಳಿ ಮುಂಬಯಿಗೂ ಬಂದಿತು. ಒಬ್ಬ ನೇಕಾರ ಎರಡರ ಬದಲು ಮೂರು ಮಗ್ಗ ನೋಡಿಕೊಳ್ಳಬೇಕು ಎಂಬ ಏರ್ಪಾಡು 1928ರ ಗಿರಣಿಗಳ ಮಹಾ ಮುಷ್ಕರದ ಕಾರಣಗಳಲ್ಲಿ ಒಂದಾಗಿತ್ತು. ಪರೇಲ್, ಲಾಲ್‌ಬಾಗ್, ವರ್ಲಿಯ ಚಾಳುಗಳಲ್ಲಿ ಬೆಳೆದ ನಮ್ಮ ಹಿರಿಯರಿಗೆ ಇಂಥ ಮಾತು ಹೊಸದಲ್ಲ. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿಹೋದವು. ಆದರೆ ಮೈಯ ಚಲನೆಯನ್ನು ಎಣಿಸಿ ಅದರಿಂದ ಲಾಭ ತೆಗೆಯುವ ವಿದ್ಯೆ ಮುಚ್ಚಲಿಲ್ಲ.

ಇಂದು ನಮ್ಮ ಹೋಟೆಲಿನ ಬಾಗಿಲಲ್ಲಿ ಪಾರ್ಸೆಲ್ಲಿಗಾಗಿ ಕಾದು ನಿಂತ ಹುಡುಗರನ್ನು ನೋಡಿರಿ. ಅವರ ಕೈಯ ಫೋನು ಅವರು ಎಲ್ಲಿದ್ದಾರೆ, ಎಷ್ಟು ಹೊತ್ತಿಗೆ ತಲಪಿದರು ಎಂಬುದನ್ನೆಲ್ಲ ಬರೆದು ದೂರದ ಕಂಪೆನಿಗೆ ಕಳಿಸುತ್ತಿರುತ್ತದೆ. ಫೋನಿಗೆ ಕಾಸು ಕೊಟ್ಟವನು ಹುಡುಗ, ಲೆಕ್ಕ ಮಾತ್ರ ಕಂಪೆನಿಯದು. ಅದೇ ಫೋನಿನಲ್ಲಿ, ಅದೇ ಚಿಪ್ಪಿನಿಂದ, ರಾತ್ರಿ ಖೋಲಿಗೆ ಬಂದು ತನ್ನ ಬೈಠಕ್ಕಿನ ಲೆಕ್ಕ ಬರೆದುಕೊಂಡರೆ ಅದು ಅವನದೇ ಲೆಕ್ಕ. ಸಾಧನ ಒಂದೇ, ಯಾರ ಪುಸ್ತಕದಲ್ಲಿ ಬರೆದದ್ದು ಎಂಬುದರ ಮೇಲೆ ಅದರ ಗುಣ ನಿಂತಿದೆ. ಹಾಜರಿ ಪುಸ್ತಕವನ್ನು ಮುಕಾದಮ ಬರೆಯುತ್ತಾನೆ, ಪಗಾರದ ಪುಸ್ತಕವನ್ನು ಧಣಿ ಬರೆಯುತ್ತಾನೆ. ಕಾರ್ಮಿಕ ತನ್ನ ಮೈಯ ಲೆಕ್ಕವನ್ನು ತಾನೇ ಬರೆದುಕೊಳ್ಳುವ ಪುಸ್ತಕ ಇದೊಂದೇ ಇರಬಹುದು. ಅದನ್ನು ಬೇರೆಯವರ ಕೈಗೆ ಕೊಡಬಾರದು.

ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ. ಓಟ, ಸೈಕಲ್ ಸವಾರಿಯ ದಾರಿಯನ್ನು ಬರೆದಿಡುವ ಸ್ಟ್ರಾವಾ ಎಂಬ ಆ್ಯಪಿನವರು ತಮ್ಮ ಬಳಕೆದಾರರು ಲೋಕದಲ್ಲಿ ಎಲ್ಲೆಲ್ಲಿ ಓಡಿದ್ದಾರೆಂಬ ನಕ್ಷೆಯನ್ನು 2017ರಲ್ಲಿ ಪ್ರಕಟಿಸಿದರು. ಮರುಭೂಮಿಯ ನಡುವೆ, ಊರೇ ಇಲ್ಲದ ಕಡೆ, ಗೆರೆಗಳು ಹೊಳೆಯುತ್ತಿದ್ದವು. ಅಲ್ಲಿ ಸೈನಿಕರ ಠಾಣೆಗಳಿದ್ದವು. ಬೆಳಗಿನ ವ್ಯಾಯಾಮಕ್ಕೆ ಓಡಿದ ಸಿಪಾಯಿಗಳು ತಿಳಿಯದೆ ಠಾಣೆಯ ಸುತ್ತ ಗೆರೆ ಎಳೆದಿದ್ದರು. 2018ರ ಜನವರಿಯಲ್ಲಿ ಆಸ್ಟ್ರೇಲಿಯದ ಒಬ್ಬ ವಿದ್ಯಾರ್ಥಿ ಇದನ್ನು ಎತ್ತಿ ತೋರಿಸಿದ ಮೇಲೆ ಲೋಕವೆಲ್ಲ ಗದ್ದಲವಾಯಿತು. ನಮ್ಮ ಖೋಲಿಯ ವಿಳಾಸದಲ್ಲಿ ಅಂಥ ಗುಟ್ಟು ಇಲ್ಲ ಎನ್ನಬಹುದು. ಆದರೆ ಎಲ್ಲಿ ಮಲಗುತ್ತೇವೆ, ಎಷ್ಟು ನಿದ್ದೆ ಮಾಡುತ್ತೇವೆ, ನಾಡಿ ಹೇಗಿದೆ ಎಂಬುದು ನಮ್ಮ ಸ್ವಂತದ ಮಾತು. ನಮ್ಮ ದೇಶದಲ್ಲಿಯೂ 2023ರಲ್ಲಿ ಜನರ ಸ್ವಂತ ಮಾಹಿತಿಯ ರಕ್ಷಣೆಗೆ ಕಾಯಿದೆ ಆಗಿದೆ. ಒಪ್ಪಿಗೆ ಎಂಬುದೇ ಅದರ ತಿರುಳು. ಆದ್ದರಿಂದ ‘ಒಪ್ಪಿದ್ದೇನೆ’ ಎಂಬ ಗುಂಡಿ ಒತ್ತುವ ಮೊದಲು ಓದಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿಕೊಳ್ಳಿರಿ. ಹೆಜ್ಜೆ ಎಣಿಸುವುದಕ್ಕೆ ನಿಮ್ಮ ಫೋಟೋ, ನಿಮ್ಮ ದೂರವಾಣಿ ಪಟ್ಟಿ ಬೇಕಾಗಿಲ್ಲ. ಕೇಳಿದರೆ ಬೇಡ ಎನ್ನಿರಿ. ತಿಂಗಳ ಚಂದಾ ಕೇಳುವ ಆ್ಯಪಿನ ಗೊಡವೆಯೂ ನಮಗೆ ಬೇಡ.

ಇನ್ನು ಬಳಸುವ ಕ್ರಮ. ಊರಿನ ಗರಡಿಮನೆಯನ್ನು ಕಂಡವರಿಗೆ ಇದನ್ನು ಹೇಳುವುದು ಸುಲಭ. ಗರಡಿಯಲ್ಲಿ ಹೊಸ ಹುಡುಗ ಮೊದಲ ದಿನವೇ ನೂರು ದಂಡ ಹಾಕುವುದಿಲ್ಲ. ವಸ್ತಾದರು ಅವನ ಮೈ ನೋಡಿ, ಇಂದು ಹತ್ತು, ಬರುವ ವಾರ ಹನ್ನೆರಡು ಎಂದು ಏರಿಸುತ್ತಾರೆ. ಮೈ ನೊಂದ ದಿನ ಸುಮ್ಮನಿರು ಎನ್ನುತ್ತಾರೆ. ಆ್ಯಪಿಗೆ ವಸ್ತಾದರ ಕಣ್ಣಿಲ್ಲ. ಆದರೆ ನೆನಪಿದೆ. ಹೋದ ವಾರ ಎಷ್ಟು, ಅದರ ಹಿಂದಿನ ವಾರ ಎಷ್ಟು ಎಂದು ತಪ್ಪದೆ ಹೇಳುತ್ತದೆ. ಅದರ ನೆನಪನ್ನು ಬಳಸಿಕೊಂಡು ಕಣ್ಣನ್ನು ನಾವು ಇಟ್ಟುಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆಯವರ ಸೂಚನೆಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಜೋರಿನ, ಇಲ್ಲವೆ 75ರಿಂದ 150 ನಿಮಿಷ ಬಿರುಸಿನ ವ್ಯಾಯಾಮ ಮಾಡಬೇಕು. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಿಯುವಂಥದು ಬೇಕು. ಸಾಧಾರಣ ಜೋರು ಎಂದರೆ ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ನಿಮಿಷ ನಮಗೆಲ್ಲಿಂದ ಎನ್ನುವಿರಿ. ಅದೇ ಸಂಸ್ಥೆಯವರು, ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ಮೇಲು ಎಂದೂ ಹೇಳಿದ್ದಾರೆ. ಹನಿಗೂಡಿದರೆ ಹಳ್ಳ. ದಿನಕ್ಕೆ ಇಪ್ಪತ್ತು ನಿಮಿಷದಿಂದ ಶುರುಮಾಡೋಣ.

ಆ್ಯಪಿನಲ್ಲಿ ವ್ಯಾಯಾಮವನ್ನು ಶುರುಮಾಡುವ ಮತ್ತು ನಿಲ್ಲಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿ ಮಾಡಿದ್ದು ಮಾತ್ರ ನಮ್ಮ ವ್ಯಾಯಾಮ. ಉಳಿದ ಹೆಜ್ಜೆಯೆಲ್ಲ ದುಡಿಮೆಯ ಖಾತೆಗೆ ಹೋಗಲಿ. ಅದಕ್ಕೆ ಶಾಭಾಸ್ ಎಂದು ಆ್ಯಪು ಪದಕ ಕೊಟ್ಟರೆ ನಕ್ಕು ಸುಮ್ಮನಾಗಿರಿ. ಅನೇಕ ಹೋಟೆಲುಗಳಲ್ಲಿ ಪಾಳಿಯ ಹೊತ್ತಿಗೆ ಫೋನನ್ನು ಪೆಟ್ಟಿಗೆಯಲ್ಲಿ ಇಡಬೇಕು ಎಂಬ ನಿಯಮವಿದೆ. ಅದರಿಂದ ನಮ್ಮ ಲೆಕ್ಕಕ್ಕೆ ಏನೂ ನಷ್ಟವಿಲ್ಲ.

ಕೆಲಸ ನೋಡಿ ವ್ಯಾಯಾಮ. ಇಡೀ ದಿನ ನಡೆಯುವ ಸಪ್ಲಾಯರಿಗೆ ಮತ್ತೆ ನಡೆಯುವುದಕ್ಕಿಂತ ಬಲದ ವ್ಯಾಯಾಮವೇ ಹೆಚ್ಚು ಬೇಕು. ಚಾಪೆಯಷ್ಟು ಜಾಗ ಇದ್ದರೆ ಸಾಕು. ಎಂಟು ಬೈಠಕ್, ಎಂಟು ದಂಡ. ನೆಲದ ಮೇಲೆ ದಂಡ ಆಗದವರು ಗೋಡೆಗೆ ಕೈ ಕೊಟ್ಟು ಮಾಡಲಿ. ಇದು ಒಂದು ಸುತ್ತು. ಎರಡು ಸುತ್ತು ಮಾಡಿ ಆ್ಯಪಿನಲ್ಲಿ ಬರೆಯಿರಿ. ಹನ್ನೆರಡು ಸಲೀಸಾಗಿ ಬಂದಾಗ ಮೂರನೆಯ ಸುತ್ತು ಸೇರಿಸಿರಿ. ವಾರಕ್ಕೆ ಎರಡು ಮೂರು ದಿನ ಇದು ಸಾಕು. ನಿಂತೇ ದುಡಿಯುವ ಭಟ್ಟರಿಗೂ, ಭಿವಂಡಿಯ ಯಂತ್ರಮಗ್ಗಗಳ ಮುಂದೆ ನಿಲ್ಲುವವರಿಗೂ ಹಿಮ್ಮಡಿ ಎತ್ತಿ ಇಳಿಸುವುದು ಒಳ್ಳೆಯದು. ಮೀನಖಂಡ ಹಿಂಡಿದಾಗ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಕಾಲನ್ನು ಗೋಡೆಗೆ ಎತ್ತಿ ಮಲಗುವುದೂ ಲೆಕ್ಕದಲ್ಲಿ ಬರೆಯತಕ್ಕ ಮಾತೇ. ಗಲ್ಲಾದಲ್ಲಿ ಕುಳಿತವರು, ಕಾವಲಿನವರು, ಇವರಿಗೆ ಹೆಜ್ಜೆಯ ಲೆಕ್ಕ ನಿಜವಾಗಿ ಉಪಯುಕ್ತ. ಅವರು ಬಿರುಸಾಗಿ ನಡೆಯಲಿ, ಮೆಟ್ಟಿಲು ಹತ್ತಲಿ. ಮನೆವಾಳ್ತೆಯ ಜೊತೆಗೆ ಹೊರಗೂ ದುಡಿಯುವ ತಾಯಂದಿರಿಗೆ ಮನೆಯವರು ಇಪ್ಪತ್ತು ನಿಮಿಷ ಬಿಡುವು ಮಾಡಿಕೊಟ್ಟರೆ ಅದೇ ಮೊದಲ ವ್ಯಾಯಾಮ.

ಆ್ಯಪು ತೋರಿಸುವ ಎಲ್ಲ ಸಂಖ್ಯೆಗೂ ಒಂದೇ ಬೆಲೆ ಇಲ್ಲ. ಇಷ್ಟು ಕ್ಯಾಲೊರಿ ಸುಟ್ಟಿರಿ ಎಂದು ಅದು ಹೇಳುತ್ತದೆ. ಕೈಗೆ ಕಟ್ಟುವ ಏಳು ಬಗೆಯ ಸಾಧನಗಳನ್ನು 2017ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದರು. ನಾಡಿಯ ಲೆಕ್ಕ ಬಹುತೇಕ ಸರಿಯಿತ್ತು. ಕ್ಯಾಲೊರಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು ಎನ್ನುವ ಸಾಧನವೂ ಸರಾಸರಿ ನೂರಕ್ಕೆ 27ರಷ್ಟು, ಎಲ್ಲಕ್ಕಿಂತ ಕೆಟ್ಟದ್ದು ನೂರಕ್ಕೆ 93ರಷ್ಟು ತಪ್ಪಿತ್ತು. ಗಲ್ಲಾದಲ್ಲಿ ಇಷ್ಟು ವ್ಯತ್ಯಾಸ ಬಂದರೆ ಯಾವ ಧಣಿ ಸುಮ್ಮನಿರುತ್ತಾನೆ? ಆದುದರಿಂದ ಕ್ಯಾಲೊರಿಯ ಸಂಖ್ಯೆ ನೋಡಿ ಊಟ ಬಿಡುವುದಾಗಲಿ, ಎರಡು ಜಿಲೇಬಿ ಹೆಚ್ಚು ತಿನ್ನುವುದಾಗಲಿ ಬೇಡ. ನಿದ್ದೆಯ ಲೆಕ್ಕವನ್ನೂ ಫೋನು ಊಹೆಯ ಮೇಲೆಯೇ ಹೇಳುತ್ತದೆ. ಮಲಗಿದ ಹೊತ್ತು, ಎದ್ದ ಹೊತ್ತನ್ನು ನೀವೇ ಬರೆಯಿರಿ. ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ರಾತ್ರಿಪಾಳಿಯವರು ಇದನ್ನು ಮೊದಲು ಬರೆಯಬೇಕು.

ಕಾಸಿಲ್ಲದೆ ಸಿಗುವ ಇನ್ನೊಂದು ಒಳ್ಳೆಯ ಅಳತೆ ಎಂದರೆ ಬೆಳಗಿನ ನಾಡಿ. ಎದ್ದು ಹಾಸಿಗೆ ಬಿಡುವ ಮೊದಲು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ ಆ್ಯಪಿನಲ್ಲಿ ಬರೆಯಿರಿ. ಸುಮ್ಮನಿರುವಾಗ ನಿಮಿಷಕ್ಕೆ 60ರಿಂದ 100 ಸಾಮಾನ್ಯ. ವ್ಯಾಯಾಮದಿಂದ ಹೃದಯ ಬಲಿತಂತೆ ವಾರಗಳಲ್ಲಿ ಅದು ನಿಧಾನವಾಗಿ ಇಳಿಯುತ್ತದೆ. ಒಂದು ದಿನ ಎಂದಿಗಿಂತ ಬಹಳ ಏರಿದ್ದರೆ ಜ್ವರವೋ ನಿದ್ದೆಗೇಡೋ ಆಯಾಸವೋ ಇದೆ ಎಂದು ತಿಳಿದು, ಅಂದು ದಂಡ-ಬೈಠಕ್ ಬಿಡಿರಿ.

ಯಾರ ಜೊತೆಗೆ ಹೋಲಿಸಬೇಕು? ಆ್ಯಪುಗಳು ಗೆಳೆಯರ ಪಟ್ಟಿ ಮಾಡಿ, ಇವನು ಮೊದಲು, ಅವನು ಕೊನೆ ಎಂದು ಸ್ಪರ್ಧೆ ಹಚ್ಚುತ್ತವೆ. ಇಪ್ಪತ್ತರ ಹುಡುಗನಿಗೂ ಐವತ್ತೈದರ ಭಟ್ಟರಿಗೂ ಏನು ಪಂದ್ಯ? ನಿಮ್ಮ ಹೋಲಿಕೆ ನಿಮ್ಮ ಹೋದ ತಿಂಗಳ ಜೊತೆಗೆ ಮಾತ್ರ ಇರಲಿ. ಹನ್ನೆರಡು ವಾರ ಬಿಡದೆ ಬರೆದು ಆ ಮೇಲೆ ಹಿಂತಿರುಗಿ ನೋಡಿರಿ. ನಾಲ್ಕನೆಯ ಮಾಳಿಗೆ ಹತ್ತಿದಾಗ ಏದುಸಿರು ಕಡಿಮೆ ಆಗಿದೆಯೆ, ಮೂಟೆ ಎತ್ತಿದಾಗ ಸೊಂಟ ಹಿಡಿಯುವುದು ನಿಂತಿದೆಯೆ ಎಂದು ಕೇಳಿಕೊಳ್ಳಿರಿ. ಮೈ ಕೊಡುವ ಉತ್ತರವೂ ಆ್ಯಪು ಕೊಡುವ ಉತ್ತರವೂ ಒಂದೇ ಆದರೆ ಸಂತೋಷ. ಎರಡೂ ಬೇರೆಯಾದರೆ ಮೈಯ ಮಾತನ್ನೇ ನಂಬಿರಿ.

ಒಂದು ಕಟ್ಟುನಿಟ್ಟಾದ ಎಚ್ಚರಿಕೆ. ಎದೆ ಹಿಂಡಿದಂತಾದರೆ, ಎಡತೋಳಿಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರಿದರೆ, ಫೋನಿನಲ್ಲಿ ನಾಡಿ ಎಷ್ಟೆಂದು ನೋಡುತ್ತ ಕೂರಬೇಡಿರಿ. ಗ್ಯಾಸು ಇರಬೇಕು ಎಂದು ಸೋಡಾ ಕುಡಿದು ಮಲಗಲೂ ಬೇಡಿರಿ. ಕೂಡಲೆ ಆಸ್ಪತ್ರೆಗೆ ಹೋಗಿರಿ, ಜೊತೆಯವರು ಕರೆದೊಯ್ಯಿರಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇರುವವರು ವ್ಯಾಯಾಮ ಶುರುಮಾಡುವ ಮೊದಲು ಡಾಕ್ಟರರನ್ನು ಒಮ್ಮೆ ಕಾಣುವುದು ಮೇಲು.

ಕೊನೆಯದಾಗಿ ಸಂಘದ ಕೆಲಸದ ಮಾತು. ಹನ್ನೆರಡು ವಾರ ನಾವು ಮೂರು ಲೆಕ್ಕ ಇಟ್ಟೆವೆಂದುಕೊಳ್ಳೋಣ: ದುಡಿದ ಗಂಟೆ, ನಿದ್ದೆಯ ಗಂಟೆ, ನಮಗಾಗಿ ಮಾಡಿದ ವ್ಯಾಯಾಮದ ನಿಮಿಷ. ಮೂರನೆಯದು ಸೊನ್ನೆಯಾಗಿಯೇ ಉಳಿದರೆ ಅದು ಆ ಹುಡುಗನ ಸೋಮಾರಿತನವೋ, ಮೊದಲ ಎರಡು ಸಂಖ್ಯೆಗಳ ಫಲವೋ? ಪುಟ ತೆರೆದು ನೋಡಿದರೆ ಯಾರಿಗೂ ತಿಳಿಯುತ್ತದೆ. ಕಾಯಿದೆ ಅನ್ವಯಿಸುವ ಕಡೆ ವಾರಕ್ಕೊಮ್ಮೆ ಪೂರ್ತಿ ಒಂದು ದಿನದ ರಜೆ ಕೊಡಬೇಕು ಎಂಬುದು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿಯೇ ಬರೆದಿದೆ. ಆ ರಜೆ ಸಿಕ್ಕಿತೆ ಇಲ್ಲವೆ ಎಂಬುದೂ ನಮ್ಮ ಲೆಕ್ಕದಲ್ಲಿ ತಾನಾಗಿ ಕಾಣಿಸುತ್ತದೆ. ಕೇಳುವಾಗ ಬರಿಯ ದೂರಿಗಿಂತ ಬರೆದಿಟ್ಟ ಲೆಕ್ಕಕ್ಕೆ ತೂಕ ಹೆಚ್ಚು. ಆದರೆ ಯಾರ ಪುಟವನ್ನೂ ಅವರ ಒಪ್ಪಿಗೆಯಿಲ್ಲದೆ ಸಂಘವೂ ನೋಡುವುದಿಲ್ಲ. ಧಣಿಗೆ ಹೇಳುವ ನಿಯಮ ನಮಗೂ ಅನ್ವಯಿಸಬೇಕು.

ಸಮಿತಿಯವರಾದ ನಾವು ಒಂದು ಸಲಹೆ ತಂದಿದ್ದೇವೆ. ಬರುವ ತಿಂಗಳಿನಿಂದ ಸಂಘದ ಕೋಣೆಯನ್ನು ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನದ ಬಿಡುವಿನಲ್ಲಿ ಒಂದು ಗಂಟೆ ದಂಡ-ಬೈಠಕ್ಕಿಗಾಗಿ ತೆರೆದಿಡೋಣ. ಬೆಂಚುಗಳನ್ನು ಗೋಡೆಗೆ ಸರಿಸಿದರೆ ಹತ್ತು ಚಾಪೆ ಹಿಡಿಸುತ್ತದೆ. ಆ್ಯಪು ಹಾಕಿಕೊಳ್ಳುವುದು, ಬೇಡದ ಅನುಮತಿಗಳನ್ನು ಮುಚ್ಚುವುದು ಹೇಗೆಂದು ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಹಿರಿಯರಿಗೆ ತೋರಿಸಲಿ. ಮೊಬೈಲು ಬೇಡ ಎನ್ನುವವರಿಗೆ ರೂಲು ಹಾಕಿದ ಒಂದು ನೋಟುಬುಕ್ಕು ಮತ್ತು ಪೆನ್ಸಿಲು ಸಾಕು. ಅವರ ಲೆಕ್ಕ ಯಾವ ವಿಧದಲ್ಲಿಯೂ ಕಡಿಮೆಯದಲ್ಲ.

ನಮ್ಮ ಮೈಯೇ ನಮ್ಮ ಬಂಡವಾಳ. ಅದು ನಡೆದಾಗ ಊರಿಗೆ ಮನಿಯಾರ್ಡರು ಹೋದ ಕಾಲವಿತ್ತು; ಇಂದು ಫೋನಿನಲ್ಲಿಯೇ ಹಣ ಹೋಗುತ್ತದೆ. ಹೋಗುವ ದಾರಿ ಬದಲಾಯಿತು, ದುಡಿಯುವ ಮೈ ಬದಲಾಗಲಿಲ್ಲ. ಆ ಬಂಡವಾಳದ ಜಮಾ-ಖರ್ಚನ್ನು ನಾವೇ ಬರೆದುಕೊಳ್ಳುವ ಅಭ್ಯಾಸ ಮಾಡೋಣ. ಸಲಹೆಯ ಮೇಲೆ ನಿಮ್ಮ ಅಭಿಪ್ರಾಯಗಳನ್ನು ಈಗ ಸಭೆ ಕೇಳಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.